ಬಂಡೆಧೂಳನ್ನು ಅಳೆಯಬೇಕಾದದ್ದು ಕೆಲಸಗಾರನ ಕೊರಳಪಟ್ಟಿಯ ಬಳಿ

ಪ್ರಶ್ನೆ: ನಾವು ಚಿಕ್ಕಬಳ್ಳಾಪುರ ಜಿಲ್ಲೆಯ ಗುಡಿಬಂಡೆ ಕಡೆಯವರು. ನನ್ನ ಅಣ್ಣನಿಗೆ 36 ವರ್ಷ. ಹನ್ನೊಂದು ವರ್ಷಗಳಿಂದ ಕಲ್ಲುಕ್ವಾರಿಯಲ್ಲಿ ಜಾಕ್‌ಹ್ಯಾಮರ್ ಹಿಡಿದು ಕುಳಿ ಹಾಕುವ ಕೆಲಸ ಮಾಡುತ್ತಿದ್ದಾನೆ. ಅದರಲ್ಲಿ ಎರಡು ವರ್ಷ ಅದೇ ಮಾಲೀಕರ ಜಲ್ಲಿ ಕ್ರಷರ್‌ನಲ್ಲಿದ್ದ. ಎರಡು ವರ್ಷದಿಂದ ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು, ಮೈಯೂ ಇಳಿದಿದೆ. ಎಕ್ಸ್‌ರೇ ನೋಡಿ ಟಿ.ಬಿ. ಎಂದು ಎರಡು ಸಲ ಆರಾರು ತಿಂಗಳ ಮಾತ್ರೆ ಕೊಟ್ಟರು. ಕಫದ ಪರೀಕ್ಷೆಯಲ್ಲಿ ಮಾತ್ರ ಒಮ್ಮೆಯೂ ಏನೂ ಸಿಗಲಿಲ್ಲ. ದಿನಾ ಸಂಜೆ ಬೆಲ್ಲ ತಿಂದು, ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡರೆ ಸಾಕು ಎಂದು ಮೇಸ್ತ್ರಿ ಹೇಳುತ್ತಾರೆ. ಧೂಳು ಮಿತಿಯೊಳಗೇ ಇದೆ ಎಂಬ ವರದಿ ತಮ್ಮ ಬಳಿ ಇದೆ ಎಂದು ಮಾಲೀಕರು ಹೇಳುತ್ತಾರೆ. ಈಗ ಅಣ್ಣನ ಜಾಗಕ್ಕೆ 21 ವರ್ಷದ ನನ್ನ ತಮ್ಮನನ್ನು ಕರೆಯುತ್ತಿದ್ದಾರೆ. ಮನೆಗೆ ಆ ದುಡ್ಡು ಬೇಕೇ ಬೇಕು. ಅಣ್ಣನಿಗೆ ನಿಜಕ್ಕೂ ಏನಾಗಿದೆ? ತಮ್ಮನನ್ನು ಕಳಿಸಬಹುದೇ? ಕಾನೂನು ಯಾರ ಪರ ಇದೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಅಣ್ಣನವರ ಎದೆಯ ಸ್ಥಿತಿ ಏನು ಎಂಬುದು ಒಂದು ಆತಂಕವಾದರೆ, ಅದೇ ಜಾಗದಲ್ಲಿ ತಮ್ಮ ನಿಂತರೆ ಹತ್ತು ವರ್ಷದ ನಂತರ ಇದೇ ಪತ್ರವನ್ನು ಮತ್ತೆ ಬರೆಯಬೇಕಾದೀತೇ ಎಂಬುದು ಇನ್ನೊಂದು. ಎರಡಕ್ಕೂ ನಡುವೆ ನಿಂತಿರುವುದು ಮಾಲೀಕರ ಕೈಯಲ್ಲಿರುವ ಆ ವರದಿ. ಆ ವರದಿ ಸುಳ್ಳಾಗಿರಬೇಕೆಂದೇನೂ ಇಲ್ಲ. ಅದು ಸಂಪೂರ್ಣ ಸತ್ಯವಾಗಿದ್ದೂ ನಿಮ್ಮ ಅಣ್ಣನ ಶ್ವಾಸಕೋಶದ ಬಗ್ಗೆ ಏನನ್ನೂ ಹೇಳದೇ ಇರಬಹುದು. ಅದು ಹೇಗೆಂದು ಮುಂದೆ ವಿವರಿಸುತ್ತೇನೆ. ಮೊದಲು ಕಾಯಿಲೆಯ ಮಾತು.

ಪತ್ರದ ಆಧಾರದಲ್ಲಿ ರೋಗವನ್ನು ನಿರ್ಧರಿಸಲು ಬರುವುದಿಲ್ಲ. ಆದರೆ ಹನ್ನೊಂದು ವರ್ಷ ಬಂಡೆಗೆ ಕುಳಿ ಹಾಕಿದವರಲ್ಲಿ, ಎರಡು ಸುತ್ತು ಟಿ.ಬಿ. ಮಾತ್ರೆ ಮುಗಿಸಿದ ಮೇಲೂ ಏದುಸಿರು ಹಾಗೆಯೇ ಉಳಿದು, ಕಫದಲ್ಲಿ ರೋಗಾಣು ಒಮ್ಮೆಯೂ ಕಾಣದೆ ಹೋದರೆ, ಅದು ಸಿಲಿಕೋಸಿಸ್ ಇರಬಹುದೇ ಎಂದು ವೈದ್ಯರು ತಮ್ಮನ್ನು ತಾವೇ ಕೇಳಿಕೊಳ್ಳಲೇಬೇಕು. ಸಿಲಿಕೋಸಿಸ್ ಎಂದರೆ ಕಲ್ಲಿನ ಸಣ್ಣ ಧೂಳಿನಿಂದ ಶ್ವಾಸಕೋಶದೊಳಗೆ ಗಾಯದ ಕಲೆಗಳು ಕಟ್ಟಿಕೊಳ್ಳುವ ರೋಗ. ಇದಕ್ಕೂ ಕ್ಷಯಕ್ಕೂ ಎಕ್ಸ್‌ರೇಯಲ್ಲಿ ಗೊಂದಲವಾಗುವುದು ಸಹಜ, ಏಕೆಂದರೆ ಎರಡೂ ಸಾಮಾನ್ಯವಾಗಿ ಶ್ವಾಸಕೋಶದ ಮೇಲ್ಭಾಗದಲ್ಲೇ ನೆರಳು ಮೂಡಿಸುತ್ತವೆ. ನನ್ನ ಅನುಭವದಲ್ಲಿ ಈ ತಪ್ಪಿಗೆ ಮುಖ್ಯ ಕಾರಣ, "ನೀನು ಏನು ಕೆಲಸ ಮಾಡುತ್ತೀಯಪ್ಪಾ?" ಎಂಬ ಒಂದು ಪ್ರಶ್ನೆಯನ್ನು ಯಾರೂ ಕೇಳದೇ ಇರುವುದು. ಹೊರರೋಗಿ ಚೀಟಿಯಲ್ಲಿ "ಕೂಲಿ" ಎಂದು ಬರೆದಿರುತ್ತದೆ. ಯಾವ ಕೂಲಿ, ಎಷ್ಟು ವರ್ಷ ಎಂಬುದು ಇರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಂಭವ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಎರಡೂ ಒಟ್ಟಿಗೇ ಇರುವುದುಂಟು. ಆದ್ದರಿಂದ ಇದನ್ನು ಓದಿ ಯಾರೂ ಟಿ.ಬಿ. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಮಾಡಬೇಕಾದದ್ದು ಇಷ್ಟು: ಹಳೆಯ ಎಕ್ಸ್‌ರೇ ಫಿಲ್ಮುಗಳನ್ನೆಲ್ಲ ಒಟ್ಟುಮಾಡಿ, ಎದೆರೋಗ ತಜ್ಞರಲ್ಲಿಗೆ ಹೋಗಿ, ಮೊದಲ ಮಾತಿಗೇ "ಬಂಡೆ ಕೆಲಸ, ಹನ್ನೊಂದು ವರ್ಷ, ನೀರಿಲ್ಲದೆ ಒಣ ಡ್ರಿಲ್ಲಿಂಗ್" ಎಂದು ಹೇಳಿ, ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಹೊಸ ಎಕ್ಸ್‌ರೇ, ಅಗತ್ಯವೆನಿಸಿದರೆ ಸಿ.ಟಿ. ಸ್ಕ್ಯಾನ್, ಊದಿಸಿ ನೋಡುವ ಸ್ಪೈರೋಮೆಟ್ರಿ, ಕಫದಲ್ಲಿ ಕ್ಷಯದ ರೋಗಾಣುವಿನ ವಂಶವಾಹಿಯನ್ನು ಹುಡುಕುವ ಸಿಬಿನಾಟ್ ಪರೀಕ್ಷೆ ಇವಿಷ್ಟು ಆದರೆ ಚಿತ್ರ ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ. ಧೂಳಿನ ರೋಗಗಳಿಗೆಂದೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ರೂಪಿಸಿದ ಎಕ್ಸ್‌ರೇ ವರ್ಗೀಕರಣವಿದೆ. ಫಿಲ್ಮನ್ನು ಅದರ ಪ್ರಕಾರ ಓದಿಸಿ ಎಂದು ಕೇಳಿ, ಏಕೆಂದರೆ ಮುಂದೆ ಪರಿಹಾರದ ಅರ್ಜಿಗೆ ಆ ಓದು ಬೇಕಾಗುತ್ತದೆ. ನಿಮ್ಮ ಕಡೆಯಿಂದ ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಗೆ ಹೋಗಿ ಬರುವುದು ಕಷ್ಟವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಔದ್ಯೋಗಿಕ ಆರೋಗ್ಯ ಕೇಂದ್ರವೂ ದೇವನಹಳ್ಳಿ ದಾರಿಯ ಕಣ್ಣಮಂಗಲದ ಬಳಿಯೇ ಇದೆ.

ಸಿಲಿಕೋಸಿಸ್ ಎಂದು ಖಚಿತವಾದರೆ, ಕಟ್ಟಿದ ಕಲೆಯನ್ನು ಕರಗಿಸುವ ಔಷಧಿ ಇಂದಿಗೂ ಇಲ್ಲ. ಧೂಳಿನಿಂದ ದೂರವಾದ ಮೇಲೂ ರೋಗ ಕೆಲವರಲ್ಲಿ ಮುಂದುವರಿಯುತ್ತದೆ. ಹಾಗೆಂದು ಕೆಲಸ ಬಿಟ್ಟು ಏನು ಪ್ರಯೋಜನ ಎಂದುಕೊಳ್ಳಬೇಡಿ. ಒಳಗೆ ಸೇರುವ ಧೂಳಿನ ಒಟ್ಟು ಮೊತ್ತವೇ ರೋಗದ ವೇಗವನ್ನು ಬಹುಪಾಲು ನಿರ್ಧರಿಸುತ್ತದೆ. ಅಣ್ಣನವರು ಇನ್ನು ಡ್ರಿಲ್ಲಿಂಗ್ ಕೆಲಸಕ್ಕೆ ಮರಳಬಾರದು, ಬೀಡಿ ಸೇದುತ್ತಿದ್ದರೆ ಇಂದೇ ಬಿಡಬೇಕು, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಬೇಕು.

ಇನ್ನು ಬೆಲ್ಲದ ಮಾತು. ನಾನು ಹೋದ ಕ್ವಾರಿಗಳಲ್ಲೆಲ್ಲ ಇದನ್ನು ಕೇಳಿದ್ದೇನೆ, ಕೆಲವೆಡೆ ಸಂಜೆಯ ಬಟವಾಡೆಯ ಜೊತೆಗೇ ಬೆಲ್ಲದ ಉಂಡೆ ಹಂಚುವುದನ್ನೂ ನೋಡಿದ್ದೇನೆ. ಹೇಳುವವರು ಮೋಸ ಮಾಡಲೆಂದು ಹೇಳುವುದಿಲ್ಲ. ಬೆಲ್ಲ ತಿಂದು ನೀರು ಕುಡಿದರೆ ಗಂಟಲಿನ ಕೆರೆತ ಇಳಿಯುವುದು ನಿಜ. 1994ರಲ್ಲಿ ಲಖನೌದ ಸಂಶೋಧಕರು ಇಲಿಗಳ ಮೇಲೆ ನಡೆಸಿದ ಪ್ರಯೋಗವೊಂದರಲ್ಲಿ ಬೆಲ್ಲದಿಂದ ಸ್ವಲ್ಪ ಅನುಕೂಲ ಕಂಡಿತೆಂಬ ವರದಿಯೂ ಇದೆ. ಆದರೆ ತಿಂದದ್ದು ಹೋಗುವುದು ಅನ್ನನಾಳಕ್ಕೆ. ಧೂಳು ಕೂತಿರುವುದು ಶ್ವಾಸಕೋಶದ ತುತ್ತತುದಿಯ ಗಾಳಿಚೀಲಗಳಲ್ಲಿ. ದಿನವಿಡೀ ಬೆಣಚಿನ (ಕಲ್ಲಿನೊಳಗಿನ ಸಿಲಿಕಾ, ಅಂದರೆ ಕ್ವಾರ್ಟ್ಜ್) ಧೂಳು ಕುಡಿಯುವ ಮನುಷ್ಯನನ್ನು ಬೆಲ್ಲ ಸಿಲಿಕೋಸಿಸ್‌ನಿಂದ ಕಾಪಾಡುತ್ತದೆ ಎನ್ನಲು ಆಧಾರವಿಲ್ಲ. ಬಾಳೆಹಣ್ಣು ತಿಂದರೆ, ಸಾರಾಯಿ ಕುಡಿದರೆ ಧೂಳು ಇಳಿದುಹೋಗುತ್ತದೆ ಎಂಬ ಮಾತುಗಳಿಗೂ ಇದೇ ಉತ್ತರ.

ಟವೆಲ್ ಏಕೆ ಸಾಲದು ಎಂಬುದಕ್ಕೆ ಧೂಳಿನ ಸ್ವಭಾವವನ್ನೇ ನೋಡಬೇಕು. ಜಾಕ್‌ಹ್ಯಾಮರ್ ಸುತ್ತ ಏಳುವ ಬಿಳಿ ಮೋಡದಲ್ಲಿ ಕಣ್ಣಿಗೆ ಕಾಣುವ ದಪ್ಪ ಕಣಗಳು ಮೂಗಿನ ಕೂದಲಿಗೆ, ಗಂಟಲಿನ ಲೋಳೆಗೆ ಸಿಕ್ಕಿ ಕಫದ ಜೊತೆ ಹೊರಬೀಳುತ್ತವೆ. ಅಪಾಯವಿರುವುದು ಒಂದು ಮಿಲಿಮೀಟರಿನ ಇನ್ನೂರನೇ ಒಂದು ಪಾಲಿಗಿಂತಲೂ ಸಣ್ಣ ಕಣಗಳಲ್ಲಿ. ಅವು ಟವೆಲ್ಲಿನ ನೇಯ್ಗೆಯ ಸಂದಿಯಲ್ಲಿ ಸಲೀಸಾಗಿ ನುಸುಳುತ್ತವೆ, ಮೋಡ ಇಳಿದು ಗಾಳಿ ತಿಳಿಯಾದಂತೆ ಕಂಡ ಮೇಲೂ ಬಹಳ ಹೊತ್ತು ತೇಲುತ್ತಿರುತ್ತವೆ. ಅವನ್ನು ನುಂಗಲು ಬಂದ ರಕ್ಷಕ ಜೀವಕೋಶಗಳು ಅರಗಿಸಿಕೊಳ್ಳಲಾರದೆ ಸಾಯುತ್ತವೆ, ಸತ್ತ ಜಾಗದಲ್ಲಿ ಉರಿಯೂತವಾಗಿ ಕಲೆ ಕಟ್ಟುತ್ತದೆ, ಬಿಡುಗಡೆಯಾದ ಕಣವನ್ನು ನುಂಗಲು ಇನ್ನೊಂದು ಕೋಶ ಬರುತ್ತದೆ. ಕ್ಷಯದ ರೋಗಾಣುವನ್ನು ಎದುರಿಸಬೇಕಾದ್ದೂ ಇದೇ ಕೋಶಗಳೇ ಆದ್ದರಿಂದ ಆ ರೋಗಕ್ಕೂ ಬಾಗಿಲು ತೆರೆದಂತಾಗುತ್ತದೆ. ಸಿಲಿಕಾ ಧೂಳು ಶ್ವಾಸಕೋಶದ ಕ್ಯಾನ್ಸರಿಗೂ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 1997ರಲ್ಲೇ ವರ್ಗೀಕರಿಸಿದೆ.

ಎಲ್ಲ ಕಲ್ಲಿನ ಧೂಳೂ ಒಂದೇ ಅಲ್ಲ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರಿನ ಬಿಳಿ, ಬೂದು ಮತ್ತು ಗುಲಾಬಿ ಗ್ರಾನೈಟಿನಲ್ಲಿ ಬೆಣಚಿನ ಅಂಶ ಸಾಮಾನ್ಯವಾಗಿ ಶೇ. 20ರಿಂದ 40ರಷ್ಟಿರುತ್ತದೆ. ಅದೇ ನೆಲದಲ್ಲಿ ಗೋಡೆಯಂತೆ ಹಾಯುವ ಕಪ್ಪುಕಲ್ಲಿನಲ್ಲಿ ಅದು ಬಹಳ ಕಡಿಮೆ. ಆದುದರಿಂದ ಎಷ್ಟು ಧೂಳು ಎಂಬುದರ ಜೊತೆಗೆ ಯಾವ ಕಲ್ಲಿನ ಧೂಳು ಎಂಬುದನ್ನೂ ಕೇಳದೆ ಮಿತಿಯನ್ನು ಹೇಳಲಾಗದು.

ಈಗ ಆ ವರದಿಗೆ ಬರೋಣ. ಜಲ್ಲಿ ಕ್ರಷರ್‌ಗಳಿಗೆ ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಇರುವ ಮಾನದಂಡ, ಯಂತ್ರದಿಂದ 3ರಿಂದ 10 ಮೀಟರ್ ದೂರದಲ್ಲಿ ಗಾಳಿಯಲ್ಲಿ ತೇಲುವ ಒಟ್ಟು ಧೂಳು ಘನ ಮೀಟರಿಗೆ 600 ಮೈಕ್ರೋಗ್ರಾಂ ಮೀರಬಾರದು ಎನ್ನುತ್ತದೆ. ಪಕ್ಕದ ಹೊಲ, ಊರು, ರಸ್ತೆಯ ದೃಷ್ಟಿಯಿಂದ ಇದು ಬೇಕಾದ ನಿಯಮವೇ. ಆದರೆ ಅದು ಸಣ್ಣ ಕಣ, ದಪ್ಪ ಕಣ ಎಲ್ಲವನ್ನೂ ಒಟ್ಟಿಗೆ ತೂಗುತ್ತದೆ, ಬೆಣಚು ಎಷ್ಟಿದೆ ಎಂದು ನೋಡುವುದಿಲ್ಲ, ಅಳೆಯುವ ಉಪಕರಣ ಒಂದೆಡೆ ನೆಟ್ಟಗೆ ನಿಂತಿರುತ್ತದೆ. ಕೆಲಸಗಾರ ನಿಂತಿರುವುದಿಲ್ಲ. ಅವನು ಜರಡಿಯ ಕೆಳಗೆ ನುಗ್ಗುತ್ತಾನೆ, ಬೆಲ್ಟ್ ಬಿಗಿಮಾಡಲು ಬಗ್ಗುತ್ತಾನೆ, ಕುಳಿಯ ಬಾಯಿಗೆ ಮುಖ ಕೊಟ್ಟು ನಿಲ್ಲುತ್ತಾನೆ.

ಕಾರ್ಮಿಕನಿಗಾಗಿ ಇರುವ ಅಳತೆಯೇ ಬೇರೆ. ಅಂಗೈಯಗಲದ ಪಂಪ್ ಒಂದನ್ನು ಅವನ ಸೊಂಟದ ಬೆಲ್ಟಿಗೆ ಕಟ್ಟಿ, ಕೊಳವೆಯನ್ನು ಬೆನ್ನ ಮೇಲಿಂದ ತಂದು, ದಪ್ಪ ಕಣಗಳನ್ನು ಬೀಳಿಸಿಬಿಡುವ ಪುಟ್ಟ ಸೈಕ್ಲೋನನ್ನೂ ಅದರ ತುದಿಯ ಫಿಲ್ಟರನ್ನೂ ಕೊರಳಪಟ್ಟಿಗೆ ಸಿಕ್ಕಿಸುತ್ತೇವೆ. ಅದು ಇಡೀ ಪಾಳಿ ಅವನ ಜೊತೆಗೇ ಓಡಾಡುತ್ತದೆ. ನಿಮಿಷಕ್ಕೆ 1.7 ಲೀಟರಿನಂತೆ ಎಂಟು ಗಂಟೆಯಲ್ಲಿ ಅದು ಎಳೆಯುವ ಗಾಳಿ ಒಂದು ಘನ ಮೀಟರಿಗಿಂತಲೂ ಕಡಿಮೆ. ಗಣಿ ನಿಯಮಗಳ ಪ್ರಕಾರ, ಬೆಣಚು ಶೇ. 5ಕ್ಕಿಂತ ಹೆಚ್ಚಿದ್ದಾಗ, 15ನ್ನು ಬೆಣಚಿನ ಶೇಕಡಾವಾರಿನಿಂದ ಭಾಗಿಸಿದರೆ ಬರುವಷ್ಟು ಮಿಲಿಗ್ರಾಂ ಸಣ್ಣ ಧೂಳು ಮಾತ್ರ ಪ್ರತಿ ಘನ ಮೀಟರಿನಲ್ಲಿ ಇರಬಹುದು. ಧೂಳಿನಲ್ಲಿ ಬೆಣಚು ಶೇ. 30 ಇದ್ದರೆ ಮಿತಿ ಅರ್ಧ ಮಿಲಿಗ್ರಾಂ. ಅಂದರೆ ಪಾಳಿ ಮುಗಿದಾಗ ನನ್ನ ಫಿಲ್ಟರಿನ ಮೇಲೆ ಕೆಲವೇ ಕೆಲವು ಪುಡಿಉಪ್ಪಿನ ಕಾಳುಗಳಷ್ಟು ತೂಕ ಸೇರಿದ್ದರೂ ಮಿತಿ ಮುಟ್ಟಿದಂತೆ. ಕಾರ್ಖಾನೆ ಕಾಯ್ದೆಯ ಸೂತ್ರ ಇನ್ನೂ ಬಿಗಿ: 10ನ್ನು ಬೆಣಚಿನ ಶೇಕಡಾವಾರಿಗೆ 2 ಕೂಡಿಸಿ ಭಾಗಿಸಬೇಕು, ಅದೇ ಕಲ್ಲಿಗೆ ಸುಮಾರು 0.31 ಮಿಲಿಗ್ರಾಂ. ಅಮೆರಿಕ 2016ರಲ್ಲಿ ಕೈಗಾರಿಕೆಗಳಿಗೆ ಸಿಲಿಕಾವನ್ನಷ್ಟೇ ಲೆಕ್ಕಹಾಕಿ 0.05 ಮಿಲಿಗ್ರಾಂ ಎಂದು ಗೊತ್ತುಮಾಡಿತು. ನಮ್ಮ ಗಣಿ ಸೂತ್ರವನ್ನು ಅದೇ ರೀತಿ ಲೆಕ್ಕಹಾಕಿದರೆ (ಅರ್ಧ ಮಿಲಿಗ್ರಾಂ ಧೂಳಿನಲ್ಲಿ ಶೇ. 30) 0.15 ಬರುತ್ತದೆ, ಅಂದರೆ ಅದರ ಮೂರರಷ್ಟು. ಹಾಗಾಗಿ ನಮ್ಮ ಮಿತಿಯೊಳಗಿದ್ದರೂ ಪೂರ್ತಿ ನಿರ್ಭಯ ಎಂದು ನಾನು ಯಾರಿಗೂ ಹೇಳಲಾರೆ. ಮಾಲೀಕರನ್ನು ಕೇಳಬೇಕಾದ ಪ್ರಶ್ನೆ ಇದು: "ಡ್ರಿಲ್ಲರ್ ಕೊರಳಿಗೆ ಪಂಪ್ ಕಟ್ಟಿ, ಒಳಸೇರುವ ಸಣ್ಣ ಧೂಳನ್ನೂ ಅದರಲ್ಲಿನ ಬೆಣಚನ್ನೂ ಅಳೆಸಿದ ವರದಿ ಇದೆಯೇ?"

ಹೀಗೆ ಅಳೆಯುವಾಗ ನಮ್ಮ ಊಹೆಗಳು ಬುಡಮೇಲಾಗುವುದುಂಟು. ಒಂದು ಕ್ರಷರ್‌ನಲ್ಲಿ ಯಂತ್ರದ ಬಾಯಿಯ ಬಳಿ ಕೂರುವ ಆಪರೇಟರಿಗೇ ಹೆಚ್ಚು ಧೂಳು ಎಂದುಕೊಂಡಿದ್ದೆ. ಹೆಚ್ಚು ಸಿಕ್ಕಿದ್ದು, ಬೆಲ್ಟಿನ ಕೆಳಗೆ ಸುರಿದ ಪುಡಿಯನ್ನು ಕಡ್ಡಿಪೊರಕೆಯಿಂದ ಗುಡಿಸಿ ಬಾಣಲಿಗೆ ತುಂಬುತ್ತಿದ್ದ ಹೆಂಗಸಿನ ಫಿಲ್ಟರಿನಲ್ಲಿ. ಆಕೆಯನ್ನು ಆವರೆಗೆ ಯಾರೂ ಧೂಳಿನ ಕೆಲಸದವಳೆಂದು ಎಣಿಸಿರಲಿಲ್ಲ, ಮಾಸ್ಕನ್ನೂ ಕೊಟ್ಟಿರಲಿಲ್ಲ. ಕ್ವಾರಿಯಲ್ಲಿಯೂ ಹಾಗೆಯೇ, ಕುಳಿ ಹಾಕುವ ಹೊತ್ತಿಗಿಂತ ಮದ್ದು ತುಂಬುವ ಮೊದಲು ಕಂಪ್ರೆಸರ್ ಗಾಳಿಯಿಂದ ಕುಳಿಯನ್ನು ಊದಿ ಶುಚಿ ಮಾಡುವ ಆ ಕೆಲವು ಸೆಕೆಂಡುಗಳಲ್ಲಿ ಮುಖಕ್ಕೆ ಹೊಡೆಯುವ ಧೂಳು ಬಲು ಕೆಟ್ಟದ್ದು.

ಹಾಗಾದರೆ ಏನು ಮಾಡಬಹುದು? ಧೂಳನ್ನು ಹುಟ್ಟುವ ಜಾಗದಲ್ಲೇ ಹಿಡಿಯುವುದು ಎಲ್ಲಕ್ಕಿಂತ ಮೇಲು. ಡ್ರಿಲ್ ರಾಡಿನ ನಡುವಿನ ರಂಧ್ರದಲ್ಲಿ ನೀರು ಹಾಯಿಸಿ ಕೊರೆಯುವ ಒದ್ದೆ ಡ್ರಿಲ್ಲಿಂಗ್ ಮಾಡಿದರೆ ಪುಡಿಯ ಬದಲು ಕೆಸರು ಬರುತ್ತದೆ. ಹಾರುವ ಧೂಳಿನ ಬಹುಪಾಲು ಅಲ್ಲಿಗೇ ಕಡಿಮೆಯಾಗುತ್ತದೆ. ನಮ್ಮ ಕಡೆ ಇದಕ್ಕೆ ಬರುವ ಆಕ್ಷೇಪ ಒಂದೇ, ಕುಡಿಯಲೇ ನೀರಿಲ್ಲದ ಸೀಮೆಯಲ್ಲಿ ಬಂಡೆಗೆ ಎಲ್ಲಿಂದ ತರುವುದು ಎಂದು. ಆಕ್ಷೇಪ ನ್ಯಾಯವಾದದ್ದೇ, ಆದರೆ ಡ್ರಿಲ್ಲಿಗೆ ಬೇಕಾಗುವುದು ರಸ್ತೆಗೆ ಟ್ಯಾಂಕರಿನಲ್ಲಿ ಸುರಿಯುವಷ್ಟು ನೀರಲ್ಲ. ನೀರು ಸಾಧ್ಯವೇ ಇಲ್ಲದಲ್ಲಿ ಕುಳಿಯ ಬಾಯಿಗೆ ಮುಚ್ಚಳ ಹಾಕಿ ಧೂಳನ್ನು ಹೀರಿ ಚೀಲಕ್ಕೆ ತುಂಬುವ ಸಂಗ್ರಾಹಕಗಳಿವೆ. ಚೀಲವನ್ನು ಕೊಡವುವವನಿಗೆ ರಕ್ಷಣೆ ಇಲ್ಲದಿದ್ದರೆ ಅಪಾಯ ಒಬ್ಬನಿಂದ ಇನ್ನೊಬ್ಬನಿಗೆ ವರ್ಗವಾಯಿತು, ಅಷ್ಟೆ. ಕ್ರಷರಿನಲ್ಲಿ ಜರಡಿಯನ್ನೂ ಬೆಲ್ಟ್ ಸುರಿಯುವ ಜಾಗಗಳನ್ನೂ ತಗಡು, ರಬ್ಬರಿನಿಂದ ಮುಚ್ಚಿ, ಕಲ್ಲು ಬೀಳುವ ಎತ್ತರವನ್ನು ತಗ್ಗಿಸಿ, ಮಂಜಿನಂಥ ತುಂತುರು ಹಾಯಿಸಬೇಕು. ದಪ್ಪ ಹನಿಯ ನೀರು ಸಣ್ಣ ಧೂಳನ್ನು ಹಿಡಿಯುವುದಿಲ್ಲ, ಮೇಲಾಗಿ ಎಂ-ಸ್ಯಾಂಡ್ ಜರಡಿಯನ್ನು ಕೆಸರಾಗಿಸಿ ಕಟ್ಟಿಸುತ್ತದೆ. ತುಂತುರಿನ ನಳಿಗೆಯ ಬಾಯಿ ಕಟ್ಟಿಕೊಂಡ ದಿನವೇ ಅದನ್ನು ಬಿಡಿಸುವವರು ಇಲ್ಲದೆ, ತಪಾಸಣೆಯ ದಿನ ಮಾತ್ರ ತಿರುಗುವ ತುಂತುರು ಕೊಳವೆಗಳನ್ನು ಸಾಕಷ್ಟು ಕಂಡಿದ್ದೇನೆ. ಇನ್ನೊಂದು ವಿಷಯ: ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಈಗ ನಮ್ಮ ಕೆರೆಗಳಿಗೆ ಹರಿಯುತ್ತಿದೆ. ಅಂಥ ನೀರನ್ನು ಸೋಂಕು ನಿವಾರಣೆ ಮಾಡದೆ ಉಸಿರಿನ ಮಟ್ಟದಲ್ಲಿ ಮಂಜಾಗಿ ಎರಚಿದರೆ ರೋಗಾಣುವನ್ನೇ ಉಸಿರಾಡಿಸಿದಂತಾದೀತು.

ಮಾಸ್ಕ್ ಕೊನೆಯ ಆಸರೆ. ಎನ್95 ಅಥವಾ ಅದಕ್ಕೆ ಸಮನಾದ ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂತರೆ ನಿಜವಾಗಿಯೂ ಕಾಪಾಡುತ್ತದೆ. ಗಡ್ಡ ಬೆಳೆದಿದ್ದರೆ, ಪಟ್ಟಿ ಸಡಿಲವಾಗಿದ್ದರೆ ಗಾಳಿ ಸಂದಿಯಿಂದಲೇ ಒಳಬರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ, ಕಾದ ಬಂಡೆಯ ಮೇಲೆ, ಜಾಕ್‌ಹ್ಯಾಮರಿನ ಅದುರಿಗೆ ಮೈಕೊಟ್ಟು ಎಂಟು ಗಂಟೆ ಅದನ್ನು ತೊಟ್ಟಿರಬೇಕು ಎನ್ನುವವರು ಒಂದು ಗಂಟೆ ತೊಟ್ಟು ನೋಡಲಿ. ಮಾಸ್ಕ್ ಹಾಕಲಿಲ್ಲವೆಂದು ಕೆಲಸಗಾರನನ್ನೇ ದೂರುವುದು ನನಗೆ ಒಪ್ಪಿಗೆಯಾಗದ ಮಾತು.

ಇವೆಲ್ಲ ಈ ನೆಲಕ್ಕೆ ಹೊಸ ವಿದ್ಯೆಯಲ್ಲ ಎಂಬುದೇ ನನಗೆ ನೋವಿನ ವಿಷಯ. ದೇಶದಲ್ಲಿ ಸಿಲಿಕೋಸಿಸ್ ಮೊದಲು ದಾಖಲಾದದ್ದು 1934ರಲ್ಲಿ ಕೋಲಾರ ಚಿನ್ನದ ಗಣಿಯಲ್ಲಿ. 1940ರಿಂದ 46ರ ನಡುವೆ ಅಲ್ಲಿ ಪರೀಕ್ಷೆಗೊಳಗಾದ 7,653 ಕಾರ್ಮಿಕರಲ್ಲಿ ಶೇ. 43.7ರಷ್ಟು ಜನರಿಗೆ ಅದು ಇತ್ತು. ಚಿಕ್ಕಬಳ್ಳಾಪುರವು 2007ರವರೆಗೆ ಅದೇ ಕೋಲಾರ ಜಿಲ್ಲೆಯ ಭಾಗ. 2021ರ ಫೆಬ್ರವರಿಯಲ್ಲಿ ನಿಮ್ಮ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸ್ಫೋಟಿಸಿ ಆರು ಜನ ಸತ್ತಾಗ ಇಡೀ ರಾಜ್ಯ ತಿರುಗಿ ನೋಡಿತು, ನೋಡಬೇಕಾದದ್ದೇ. ಧೂಳಿನಿಂದ ಸಾಯುವವರು ಒಬ್ಬೊಬ್ಬರಾಗಿ, ತಮ್ಮ ತಮ್ಮ ಊರಿನಲ್ಲಿ, ಟಿ.ಬಿ. ಎಂಬ ಹೆಸರಿನಲ್ಲಿ ಹೋಗುವುದರಿಂದ ಲೆಕ್ಕಕ್ಕೇ ಸಿಗುವುದಿಲ್ಲ.

ಕಾನೂನು ನಿಮ್ಮ ಪರವಾಗಿಯೇ ಇದೆ, ಆದರೆ ಯಾವ ಬಾಗಿಲು ತಟ್ಟಬೇಕೆಂದು ತಿಳಿದಿರಬೇಕು. ಕಟ್ಟಡದ ಕಲ್ಲಿನ ಸಣ್ಣ ಕ್ವಾರಿಗೆ ಗಣಿ ಕಾಯ್ದೆಯಿಂದ ಬಹುಮಟ್ಟಿಗೆ ವಿನಾಯಿತಿ ಸಿಗಬೇಕಾದರೆ ಆಳ 6 ಮೀಟರ್ ಮೀರಿರಬಾರದು, ಕೆಲಸಗಾರರು 50ಕ್ಕಿಂತ ಹೆಚ್ಚಿರಬಾರದು, ಸ್ಫೋಟಕ ಬಳಸಿರಬಾರದು. ಮದ್ದು ಇಡುವ ಕ್ವಾರಿ ಗಣಿಯೇ; ಅದರ ಕಾರ್ಮಿಕ ಸುರಕ್ಷತೆ ಕೇಂದ್ರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೆ ಸೇರಿದ್ದು. ಕ್ರಷರಿನಲ್ಲಿ ದುಡಿಯುವವರ ವಿಷಯ ಸಾಮಾನ್ಯವಾಗಿ ರಾಜ್ಯದ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಗೆ ಸೇರುತ್ತದೆ. ಗುತ್ತಿಗೆ ಮತ್ತು ರಾಜಧನ ನೋಡುವ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ದೂರು ಕೊಟ್ಟು ಕಾಯುತ್ತ ಕೂತವರನ್ನು ನೋಡಿದ್ದೇನೆ; ಎದೆಯ ಪ್ರಶ್ನೆಗೆ ಉತ್ತರಿಸಬೇಕಾದ ಕಚೇರಿ ಅದಲ್ಲ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿದ್ದು, ಹಳೆಯ ಕಾಯ್ದೆಗಳು ಅವುಗಳಲ್ಲಿ ವಿಲೀನಗೊಂಡಿವೆ. ಸಿಲಿಕೋಸಿಸ್ ಅಲ್ಲಿಯೂ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಔದ್ಯೋಗಿಕ ರೋಗ, ಪರಿಹಾರಕ್ಕೆ ಅರ್ಹವಾದ ರೋಗ. ಕೆಲಸಗಾರನಿಗೆ ನೇಮಕಾತಿ ಪತ್ರ ಕೊಡುವುದನ್ನೂ ಅವು ಕಡ್ಡಾಯಗೊಳಿಸಿವೆ.

ಪರಿಹಾರದ ದಾರಿಯಲ್ಲಿ ಜನ ಎಡವುವುದು ಸಾಮಾನ್ಯವಾಗಿ ರೋಗದ ಸಾಕ್ಷ್ಯದಲ್ಲಲ್ಲ, ಕೆಲಸದ ಸಾಕ್ಷ್ಯದಲ್ಲಿ. ಹಾಜರಿ ಪುಸ್ತಕದಲ್ಲಿ ಹೆಸರಿರುವುದಿಲ್ಲ, ಬಟವಾಡೆ ಕೈಗೇ ಆಗಿರುತ್ತದೆ. ಆದ್ದರಿಂದ ಮಾಲೀಕರ ಜೊತೆ ಮಾತು ಕೆಡುವ ಮೊದಲೇ ಬ್ಯಾಂಕ್ ಪಾಸ್‌ಬುಕ್ಕಿನ ಜಮೆ, ಮುಂಗಡ ಬರೆದ ಚೀಟಿ, ಕ್ವಾರಿಯಲ್ಲಿ ತೆಗೆದ ಫೋಟೊ, ಮೇಸ್ತ್ರಿಯ ಸಂದೇಶ, ಜೊತೆಗಾರರ ಹೇಳಿಕೆ ಏನಿದೆಯೋ ಅದನ್ನೆಲ್ಲ ಸೇರಿಸಿಡಿ. ಅರ್ಜಿಗೆ ಕಾಲಮಿತಿ ಇದೆ, ರೋಗ ಖಚಿತವಾದ ಮೇಲೆ ತಡಮಾಡಬೇಡಿ. ಕೈಗಾರಿಕಾ ಕಾರ್ಮಿಕರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ದೂರು ಕೊಟ್ಟರೆ ಕೆಲಸ ಹೋಗುವ ಅಪಾಯವಿರುವುದು ನಿಜ. ಅದನ್ನು ನಾನು ಚಿಕ್ಕದು ಮಾಡಿ ಹೇಳುವುದಿಲ್ಲ; ನಾಲ್ಕಾರು ಜನ ಸೇರಿ ಅಥವಾ ಸಂಘದ ಮೂಲಕ ಕೊಟ್ಟರೆ ಅದು ತುಸು ತಗ್ಗುತ್ತದೆ.

ಕೊನೆಗೆ ನಿಮ್ಮ ತಮ್ಮನ ವಿಷಯ. ಅದೇ ಒಣ ಡ್ರಿಲ್ಲಿಗೆ, ಅದೇ ಟವೆಲ್ಲಿನಲ್ಲಿ ಕಳಿಸುವುದಾದರೆ ನನ್ನ ಉತ್ತರ ಬೇಡ ಎಂದೇ. ಮನೆಯ ಕಷ್ಟ ಗೊತ್ತಿದ್ದೇ ಹೇಳುತ್ತಿದ್ದೇನೆ. ಕ್ವಾರಿ ಬಿಟ್ಟು ಬೇರೆ ದುಡಿಮೆ ಸದ್ಯಕ್ಕೆ ಇಲ್ಲವೆಂದಾದರೆ ಟಿಪ್ಪರ್ ಅಥವಾ ಹಿಟಾಚಿಯಲ್ಲಿ, ಗಾಜು ಏರಿಸಿದ ಎ.ಸಿ. ಕ್ಯಾಬಿನ್ ಇರುವ ಕೆಲಸ ಕೇಳಿ. ಡ್ರಿಲ್ಲೇ ಎಂದರೆ ನೀರಿನ ಕೊಳವೆ ಜೋಡಿಸಿದ ಮೇಲೆ ಬರುತ್ತೇನೆ ಎನ್ನಲಿ. ಯಾವುದಕ್ಕೇ ಸೇರಲಿ, ಸೇರುವ ಮೊದಲೇ ಎದೆಯ ಎಕ್ಸ್‌ರೇ ಮತ್ತು ಸ್ಪೈರೋಮೆಟ್ರಿ ಆಗಬೇಕು. ಗಣಿ ನಿಯಮದಂತೆ ಅದು ಮಾಲೀಕರದೇ ಹೊಣೆ, ಆಮೇಲೆ ಕನಿಷ್ಠ ಐದು ವರ್ಷಕ್ಕೊಮ್ಮೆ ಮತ್ತೆ ಆಗಬೇಕು. ಧೂಳಿನ ಕೆಲಸವಾದರೆ ವರ್ಷಕ್ಕೊಮ್ಮೆ ಮಾಡಿಸಿ ಎಂಬುದು ನನ್ನ ಸಲಹೆ. ಆ ಮೊದಲ ಫಿಲ್ಮಿನ ಒಂದು ಪ್ರತಿಯನ್ನು ದಿನಾಂಕದ ಸಮೇತ ಮನೆಯಲ್ಲಿ, ಪಡಿತರ ಚೀಟಿ ಇಡುವ ಜಾಗದಲ್ಲೇ ಇಟ್ಟುಕೊಳ್ಳಿ.